ಬಿಡದ ಬಾಣ

ಸೀಟು ಹಿಡಿಯುವವನು ಕದಿರಪ್ಪ, ಅದನ್ನು ದಾನ ಮಾಡಿ ಒಳ್ಳೆಯವನೆನಿಸಿಕೊಳ್ಳುವವನು ಗೋಪಾಲ್. ಮಾರಿಕುಪ್ಪಂನಲ್ಲಿ ರೈಲು ಪ್ಲಾಟ್‌ಫಾರ್ಮಿಗೆ ಬರುವಷ್ಟರಲ್ಲೇ ಹಾರಿ ಹತ್ತಿ, ಯಾರ‍್ಯಾರದೋ ಮೊಣಕೈ ಏಟು ತಿಂದು, ಬೆಂಚಿನ ಉದ್ದಕ್ಕೂ ಟವೆಲ್ ಹಾಸಿ ಕೂರುತ್ತಿದ್ದ ಕದಿರಪ್ಪ. ಮುಂದೆ ಫ್ಯಾಕ್ಟರಿ ಕ್ವಾರ್ಟರ್ಸಿನ ಸ್ಟೇಷನ್‌ನಲ್ಲಿ ಉಮಾಮಹೇಶ್ವರಿ ಮತ್ತು ಗೋಪಾಲ್ ಹತ್ತುತ್ತಿದ್ದರು. ಬಂಗಾರಪೇಟೆಯಲ್ಲಿ ಟೀಚರ್ ಮುನಿರತ್ನಮ್ಮ ಹತ್ತಿದ ತಕ್ಷಣ ಗೋಪಾಲ್ ಎದ್ದು, "ಕೂತ್ಕೊಳ್ಳಿ ಅಕ್ಕಾ" ಎಂದು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದ. ಗಾಳಿಗೆ ಅವನ ಕೂದಲು ಹಾರುತ್ತಿತ್ತು. "ಎಂಥ ಹುಡುಗನಪ್ಪಾ" ಎಂದು ಮುನಿರತ್ನಮ್ಮ ಪ್ರತಿ ಸಲವೂ ಹೇಳುತ್ತಿದ್ದರು. ಕದಿರಪ್ಪ ಟವೆಲ್ ಮಡಚಿಕೊಳ್ಳುತ್ತಿದ್ದ.

ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಅವನಿಗೆ ಕೆಲಸ. ಉಮಾ, ಗೋಪಾಲ್ ಇಬ್ಬರೂ ಅಲ್ಲಿ ಕಾಲೇಜಿಗೆ ಹೋಗುತ್ತಿದ್ದರು. ಮೂವರನ್ನೂ ಹತ್ತಿರ ತಂದದ್ದು ಉಮಾಳ ಅಣ್ಣ ಮದ್ರಾಸಿನ ಹಾಸ್ಟೆಲ್‌ನಿಂದ ತಂದ ಒಂದು ಆಟ. ತೊಂಬತ್ತೊಂದರ ಬೇಸಿಗೆಯಲ್ಲಿ ಅದು ಶುರುವಾಯಿತು. ಅದರಲ್ಲಿ ಕಾಯಿ ನಡೆಸುವುದಿಲ್ಲ, ಯಾರೂ ಯಾರನ್ನೂ ಸೋಲಿಸುವುದಿಲ್ಲ. ಒಬ್ಬರು ಕಥೆ ಹೇಳುತ್ತಾರೆ: ಇಲ್ಲೊಂದು ಗುಹೆ, ಇಲ್ಲೊಬ್ಬ ರಾಕ್ಷಸ. ಉಳಿದವರು ಒಬ್ಬೊಬ್ಬ ವೀರನ ವೇಷ ಹಾಕಿಕೊಂಡು ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಭಾನುವಾರ ಮಧ್ಯಾಹ್ನ ಉಮಾಳ ಮನೆಯ ವರಾಂಡದಲ್ಲಿ, ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಸುರಂಗ ಬರೆದು ಆಡುತ್ತಿದ್ದರು. ಕಥೆ ಹೇಳುವವಳು ಉಮಾ. ಗೋಪಾಲ್‌ನ ವೀರ ಬಿಲ್ಲುಗಾರ, ಹೆಸರು ಇಂದುಧರ. ಕದಿರಪ್ಪನ ವೀರ ಕತ್ತಿಯ ಬೈರ. ಎದುರುಮನೆಯ ಕೆಂಪಣ್ಣನದೊಬ್ಬ ಮಂತ್ರವಾದಿ.

ಮುಂದೆ ನಿಲ್ಲುವವನೇ ನಾಯಕ ಎಂದು ಕದಿರಪ್ಪ ಕತ್ತಿ ಆರಿಸಿಕೊಂಡಿದ್ದ. ಅದು ಸುಳ್ಳೆಂದು ಅವನಿಗೆ ಗೊತ್ತಾದದ್ದು ಸೋಮವಾರಗಳಲ್ಲಿ. ಉಮಾ ಭಾನುವಾರದ ಆಟವನ್ನು ಸೋಮವಾರ ರೈಲಿನಲ್ಲಿ ಕಥೆ ಮಾಡಿ ಹೇಳುತ್ತಿದ್ದಳು. ಕಾಲೇಜಿನ ಹುಡುಗಿಯರು, ಆಫೀಸಿಗೆ ಹೋಗುವ ಹೆಂಗಸರು, ಮಡಿಲಲ್ಲಿ ಸೊಪ್ಪು ಬಿಡಿಸುತ್ತ ಮುನಿರತ್ನಮ್ಮ, ಎಲ್ಲರೂ ಬಾಯಿ ತೆರೆದು ಕೇಳುತ್ತಿದ್ದರು. "ಇಂದುಧರ ಕಣ್ಣು ಮುಚ್ಚಿ ಉಸಿರು ಹಿಡಿದ. ಬಾಣ ಹೋಗಿ ರಾಕ್ಷಸನ ಗಂಟಲಿಗೇ ನಾಟಿತು." ಆ ರಾಕ್ಷಸನನ್ನು ಅಷ್ಟು ಹೊತ್ತು ತಡೆದು ಮೈಯೆಲ್ಲ ರಕ್ತ ಮಾಡಿಕೊಂಡವನು ಉಮಾಳ ಕಥೆಯಲ್ಲಿ 'ಜೊತೆಗಿದ್ದ ಇನ್ನೊಬ್ಬ' ಆಗಿರುತ್ತಿದ್ದ. ಅದನ್ನು ಕದಿರಪ್ಪ ಅವಳ ಎದುರಿನ ಬೆಂಚಿನಲ್ಲೇ ಕೂತು ಕೇಳಬೇಕಾಗಿತ್ತು. ಅವನಿಗೆ ಬೇರೇನೂ ಬೇಡವಾಗಿತ್ತು. ಒಂದೇ ಒಂದು ಸೋಮವಾರ ಉಮಾಳ ಬಾಯಲ್ಲಿ ಬೈರ ಎನ್ನುವ ಹೆಸರು ಬರಬೇಕು, ಆ ಹೆಂಗಸರು ಅದಕ್ಕೆ ಉಸಿರು ಹಿಡಿಯಬೇಕು.

ಆ ಭಾನುವಾರ ಅವನು ಜಗಳ ತೆಗೆದ.

"ಇದು ಯಾವ ನ್ಯಾಯ ಉಮಾ? ನನ್ನ ಕತ್ತಿ ಏಟಿಗೂ ಅವನ ಬಾಣದ ಏಟಿಗೂ ಒಂದೇ ಬೆಲೆ. ಒದೆ ತಿನ್ನೋನು ನಾನು. ಅವನು ದೂರದಾಗ್ ನಿಂತ್ಕಂಡು ಮೀಸೆ ತಿರುವ್ತಾನೆ."

"ನನಗೆ ಮೀಸೆ ಇಲ್ವಲ್ಲೋ" ಎಂದ ಗೋಪಾಲ್.

"ನನ್ನ ಮಂತ್ರವಾದಿ ದಿನಕ್ಕೆ ಒಂದೇ ಮಂತ್ರ ಆಕೋದು. ಆಮೇಲೆ ಮೂಲೇಲಿ ಕುಂತ್ಕಂಡು ನಿಮ್ಮ ಮುಖ ನೋಡೋದು. ನಾನೇನ್ ಅತ್ತಿದ್ದೀನಾ?" ಎಂದ ಕೆಂಪಣ್ಣ.

"ನೀ ಸುಮ್ಕಿರ್ಲಾ." ಕದಿರಪ್ಪ ಉಮಾಳ ಕಡೆಗೇ ತಿರುಗಿದ್ದ. "ನಾನು ರಾಕ್ಷಸನ ಮೈಗೆ ಅಂಟ್ಕಂಡು ಒಡೆದಾಡ್ತಿರ್ತೀನಿ, ಇವನು ನನ್ನ ಬೆನ್ನಿಂದೆ ನಿಂತ್ಕಂಡು ಬಾಣ ಬಿಡ್ತಾನೆ. ಅದು ನನಗೆ ತಗಲಲ್ವಾ? ನಮ್ಮಪ್ಪ ಮೈನ್ಸ್‌ನಾಗೆ ಮದ್ದು ಸಿಡಿಸೋ ಕೆಲ್ಸ ಮಾಡ್ದೋನು. ಮುಂದೆ ಆಳಿದ್ರೆ ಬತ್ತಿಗೆ ಬೆಂಕಿ ಮುಟ್ಟಿಸಂಗಿಲ್ಲ. ಕೂಗ್ಬೇಕು. ಮುಂದಿರೋನು 'ಬಂದೆ' ಅಂತ ಉತ್ತರ ಕೊಟ್ಟು ಇತ್ತಾಗೆ ಬಂದ್ಮೇಲೇ ಬೆಂಕಿ."

ಆ ಗಣಿಯೂರಿನಲ್ಲಿ ಬೇರೆ ಯಾವ ಮಾತಿಗೆ ನಕ್ಕರೂ ಮದ್ದಿನ ಮಾತಿಗೆ ನಗುವವರಿಲ್ಲ. ಕೆಂಪಣ್ಣ ಕೂಡ ಕಾಲು ಮಡಚಿ ನೇರ ಕೂತ.

"ಆಯ್ತು. ಇವತ್ತಿಂದ ಅದೇ ನಿಯಮ" ಎಂದಳು ಉಮಾ. "ಬಾಣ ಬಿಡೋ ಮುಂಚೆ ಕೂಗಬೇಕು. ಮುಂದಿರೋನು ಉತ್ತರ ಕೊಟ್ಟು ಪಕ್ಕಕ್ಕೆ ಸರಿದರೆ ಮಾತ್ರ ಬಾಣ."

"ಸರಿಯಾಗಿದೆ" ಎಂದ ಗೋಪಾಲ್. ಒಂದು ಚೂರೂ ವಾದಿಸಲಿಲ್ಲ. ಗೆದ್ದ ಖುಷಿಯನ್ನು ಕದಿರಪ್ಪನಿಂದ ಅಲ್ಲೇ ಕಿತ್ತುಕೊಂಡ.

ಆದರೂ ಕದಿರಪ್ಪನ ಲೆಕ್ಕಾಚಾರ ಸರಿಯಾಗಿತ್ತು. ತಾನು ಉತ್ತರ ಕೊಡದಿದ್ದರೆ ಬಾಣವಿಲ್ಲ. ಬಾಣವಿಲ್ಲದಿದ್ದರೆ ರಾಕ್ಷಸನನ್ನು ಕೊಲ್ಲುವುದು ಕತ್ತಿ. ಉಮಾ ಆ ದಿನ ಇಳಿಸಿದ್ದು ಕಲ್ಲಿನ ಮೈಯ ಒಬ್ಬ ದೈತ್ಯನನ್ನು, ಅದೂ ಇಬ್ಬರು ಪಕ್ಕಪಕ್ಕ ನಿಲ್ಲಲಾಗದ ಸುರಂಗದಲ್ಲಿ. ಬೈರ ಮುಂದೆ ನುಗ್ಗಿದ. ಕತ್ತಿ ತಾಗಿತು, ಕಲ್ಲಿನ ಚೂರು ಸಿಡಿಯಿತು. ಉಮಾಳ ಕಣ್ಣು ಅರಳಿದ್ದನ್ನು ಕದಿರಪ್ಪ ನೋಡಿದ. ಮುಂದಿನ ಸಲ ದಾಳ ಕೈಕೊಟ್ಟಿತು. ದೈತ್ಯನ ಏಟು ಬೈರನ ಭುಜಕ್ಕೆ ಬಿತ್ತು.

"ಬೈರಾ!" ಗೋಪಾಲ್ ಕೂಗಿದ. ಆಟಕ್ಕೆ ಕೂಗಿದಂತಿರಲಿಲ್ಲ.

ಕದಿರಪ್ಪ ದಾಳವನ್ನು ಅಂಗೈಯಲ್ಲಿ ಉಜ್ಜುತ್ತ ಕೂತ. ಎಸೆದ. ಮತ್ತೆ ಕೈಕೊಟ್ಟಿತು.

"ಬೈರಾ! ಇದ್ದೀಯಾ? ಬಾ ಈ ಕಡೆ!"

"ಉತ್ತರ ಕೊಡ್ತೀಯಾ?" ಉಮಾ ಕೇಳಿದಳು. "ಇನ್ನೊಂದು ಏಟು ಬಿದ್ರೆ ಅವನು ಉಳಿಯಲ್ಲ."

"ಇಲ್ಲ."

"ಬಾರ್ಲಾ ಇಂದಕ್ಕೆ! ಸಾಯ್ತೀಯ ಕಣ್ಲಾ!" ಕೆಂಪಣ್ಣ ಅವನ ಅಂಗಿ ಹಿಡಿದು ಎಳೆದ.

ಒಂದೇ ಒಂದು ಒಳ್ಳೆಯ ದಾಳ ಬಿದ್ದರೆ ಸಾಕಿತ್ತು. ಬೀಳಲಿಲ್ಲ. ಉಮಾ ಗೋಪಾಲ್‌ನನ್ನು ನೋಡಿದಳು. "ಅವನು ಮುಂದೇ ಇದ್ದಾನೆ" ಎಂದ ಗೋಪಾಲ್. "ನಾನು ಬಿಡಲ್ಲ." ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ದೈತ್ಯನ ಮುಷ್ಟಿ ಇಳಿಯಿತು. ಉಮಾ ಸೀಮೆಸುಣ್ಣದ ಬೈರನನ್ನು ಬೆರಳಿನಿಂದ ಅಳಿಸಿದಳು. ಆಮೇಲೆ ಇಂದುಧರ ಬಿಟ್ಟ ಮೊದಲ ಬಾಣಕ್ಕೇ ದೈತ್ಯ ಬಿತ್ತು. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಉಮಾ ಮಾತ್ರ ಗೋಪಾಲ್‌ನ ಕೈಗಳನ್ನೇ ನೋಡುತ್ತಿದ್ದಳು. ಬೈರ ಸತ್ತದ್ದಕ್ಕಿಂತ ಕದಿರಪ್ಪನನ್ನು ಸುಟ್ಟದ್ದು ಆ ನೋಟ. ಗೆದ್ದಾಗ ಅವಳು ಯಾರನ್ನೂ ಹಾಗೆ ನೋಡಿರಲಿಲ್ಲ.

ಮರುದಿನ ಅವನು ಬೇರೆ ಡಬ್ಬಿ ಹತ್ತಬಹುದಿತ್ತು. ಹತ್ತಲಿಲ್ಲ. ಅಲ್ಲೇ ಟವೆಲ್ ಹಾಸಿದ, ಅಲ್ಲೇ ಕೂತ. ಬಂಗಾರಪೇಟೆಯಲ್ಲಿ ಗೋಪಾಲ್ ಸೀಟು ಬಿಟ್ಟು ಬಾಗಿಲಿಗೆ ಹೋದ. ಯಾವುದೋ ಮೇಲ್ ಗಾಡಿ ದಾಟಲೆಂದು ರೈಲನ್ನು ನಿಲ್ಲಿಸಿಕೊಂಡಿದ್ದರು. ಉಮಾ ಕಥೆ ಶುರುಮಾಡಿದಳು.

ಅವಳು ಇಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ. ಹೆದೆ ಎಳೆದು ನಿಂತ ಇಂದುಧರ, ಸುರಂಗದಲ್ಲಿ ಮೊಳಗುವ ಅವನ ಕೂಗು, ಬಾರದ ಉತ್ತರ, ಕೆಳಗಿಳಿದ ಬಿಲ್ಲು. ಮುನಿರತ್ನಮ್ಮನ ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ನಿಂತಿತು. ಅವರ ತವರೂ ಗಣಿಯೇ, ಮೈಸೂರು ಮೈನ್ಸ್.

"ಅಂಥೋನ ಜೊತೆ ಎಷ್ಟು ಆಳಕ್ಕಾದ್ರೂ ಇಳೀಬೋದು ಕಣಮ್ಮ" ಎಂದರು ಅವರು. "ಇನ್ನೊಬ್ಬ ಯಾವನವನು? ಕೂಗಿದ್ರೆ ಉತ್ತರ ಕೊಡ್ದಿರೋನು? ಅವನ ಜೊತೆ ಯಾರ್ ಇಳೀತಾರೆ?"

ಉಮಾ ಒಮ್ಮೆ ಕದಿರಪ್ಪನ ಕಡೆ ನೋಡಿ ಕಣ್ಣು ತೆಗೆದಳು. "ಯಾರೋ ಒಬ್ಬ ಬಿಡಿ ಅಕ್ಕಾ."

ಅವಳು ಅವನ ಮಾನ ಉಳಿಸಿದ್ದಳು. ಅದನ್ನೇ ಅವನಿಂದ ತಡೆಯಲಾಗಲಿಲ್ಲ.

"ಬೈರ" ಎಂದ ಕದಿರಪ್ಪ. "ಅವನ ಎಸ್ರು ಬೈರ. ಆಡಿದ್ದು ನಾನೇ."

ಬೆಂಚಿನ ಅಷ್ಟೂ ಮುಖಗಳು ಅವನ ಕಡೆ ತಿರುಗಿದವು. ಮುನಿರತ್ನಮ್ಮ ಕನ್ನಡಕ ಸರಿಮಾಡಿಕೊಂಡು ಅವನನ್ನು ಮೊದಲ ಸಲ ಕಂಡವರಂತೆ ನೋಡಿದರು.

"ಯಾಕಪ್ಪಾ ಉತ್ತರ ಕೊಡ್ಲಿಲ್ಲ?"

ಅವರೆಲ್ಲ ಕಾಯುತ್ತಿದ್ದರು. ಅವನಿಗಾಗಿ. ಇಷ್ಟು ದಿನ ಬೇಕಾಗಿದ್ದದ್ದು ಇದೇ.

"ಕೇಳಿಸ್ಲಿಲ್ಲ ಅಕ್ಕಾ" ಎಂದ. "ಮೊದಲ್ನೇ ಏಟಿಗೇ ಬೈರನ ಕಿವಿ ಒಡೆದೋಗಿತ್ತು. ಇಂದೆ ಕೂಗ್ತಾವ್ರೆ ಅಂತ ಅವನಿಗೆ ಗೊತ್ತೇ ಇಲ್ಲ. ಎಲ್ರೂ ಬಿಟ್ಟೋದ್ರು ಅಂದ್ಕಂಡು ಒಬ್ನೇ ಒಡೆದಾಡ್ದ."

"ಅಯ್ಯೋ ಪಾಪ" ಎಂದಳು ಒಬ್ಬ ಹುಡುಗಿ. ಇನ್ನೊಬ್ಬಳು ಬಾಯಿಗೆ ಕೈಯಿಟ್ಟುಕೊಂಡಳು. ಕದಿರಪ್ಪನ ಎದೆ ಬೆಚ್ಚಗಾಯಿತು.

ಉಮಾ ಹುಬ್ಬು ಗಂಟಿಕ್ಕಿದಳು. "ಹಾಗೆ ನಾನು ಹೇಳಲೇ ಇಲ್ವಲ್ಲ. ಬಿದ್ದದ್ದು ಭುಜಕ್ಕೆ."

ಹೆಂಗಸರ ಮುಖಗಳು ಅವಳಿಂದ ಅವನಿಗೆ, ಅವನಿಂದ ಅವಳಿಗೆ ಅಲೆದವು. ಕದಿರಪ್ಪ ಟವೆಲ್ ಮಡಚತೊಡಗಿದ.

"ಕಿವಿ ಒಡೆದಿತ್ತು ಉಮಾ." ಬಾಗಿಲ ಕಡೆಯಿಂದ ಗೋಪಾಲ್‌ನ ದನಿ ಬಂತು. ಕಂಬಿ ಹಿಡಿದು, ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಆರಾಮವಾಗಿ ನಿಂತಿದ್ದ. "ಹಿಂದಿನಿಂದ ಇಂದುಧರನಿಗೆ ಕಾಣ್ತಿತ್ತು, ಕಿವಿಯಿಂದ ರಕ್ತ. ಅದಕ್ಕೇ ಅವನು ಬಿಲ್ಲು ಇಳಿಸಿದ್ದು."

ಎಲ್ಲ ಮುಖಗಳೂ ಬಾಗಿಲ ಕಡೆ ತಿರುಗಿದವು. ಮುನಿರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಎಂಥ ಹುಡುಗನಪ್ಪಾ" ಎಂದರು.