ಬಿಚ್ಚದ ದಾರ

ಆ ಪುಟ್ಟ ಬೆಳ್ಳಿ ಡಬ್ಬಿ ಟೈಲರಮ್ಮನ ಅಂಗಡಿಯಲ್ಲಿ ಇದ್ದದ್ದು ಎರಡೇ ದಿನ. ಚರ್ಚಿನ ಪೀಠದಲ್ಲಿ ಅದನ್ನು ಕೂರಿಸುವ ಮಖಮಲ್ ಗಾದಿ ಸವೆದಿತ್ತು. ಹೊಸದನ್ನು ಹೊಲಿಯಲು ಅಳತೆಗೆಂದು ಫಾದರ್ ಡಬ್ಬಿಯನ್ನೇ ಕೊಟ್ಟಿದ್ದರು. ಗಾಜಿನ ಹಿಂದೆ ಸಂತರ ಬೆರಳಿನ ಮೂಳೆಯ ಚೂರು, ಗೋಧಿ ಕಾಳಿನಷ್ಟು. ಡಬ್ಬಿಯ ಸುತ್ತ ಅಡ್ಡಡ್ಡ ಬಿಗಿದ ರೇಷ್ಮೆ ದಾರ, ಗಂಟಿನ ಮೇಲೆ ಅರಗಿನ ಮುದ್ರೆ. ಎಂಬತ್ತೆರಡು ವರ್ಷದ ಅರಗು ಎರಡನೇ ದಿನ ಮೇಜಿನ ಮೇಲೆ ತಾನಾಗಿ ಉದುರಿತು. ಅರಗಿನ ಚೂರುಗಳನ್ನು ಗುಂಡಿಗಳ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ, ಬೆಳ್ಳಿ ಡಬ್ಬಿಯ ಜೊತೆ ಅವಳೇ ಫಾದರಿಗೆ ಒಪ್ಪಿಸಿದಳು.

ಒಪ್ಪಿಸಿದ್ದೇ ತಪ್ಪಾಯಿತು. ಬಿಷಪ್ ಕಚೇರಿಯಿಂದ ಒಬ್ಬ ಪರೀಕ್ಷಕರು ಬಂದರು. ಮುದ್ರೆಯಿಲ್ಲದ ಡಬ್ಬಿಯನ್ನು ಯಾರೂ ತೆರೆದಿಲ್ಲ ಎನ್ನಲು ಆಧಾರವೇನು, ಆಧಾರವಿಲ್ಲದ ಅವಶೇಷಕ್ಕೆ ಜನ ಮುತ್ತಿಡುವಂತಿಲ್ಲ, ಕಪಾಟಿಗೆ ಸೇರಬೇಕು ಎಂದರು. ಡಬ್ಬಿ ಯಾರ ಕೈಗೆ ಹೋಗಿತ್ತೆಂದು ಬರೆದುಕೊಂಡರು. ಜನರ ಬಾಯಿಗೆ ಅಷ್ಟು ಸಾಕಾಯಿತು. ಒಂದೇ ವಾರದಲ್ಲಿ ಮೂವರು ಗಿರಾಕಿಗಳು ಹೊಲಿಯದ ಬಟ್ಟೆ ವಾಪಸು ಒಯ್ದರು.

ವಿಚಾರಣೆ ನಡೆದದ್ದು ಚರ್ಚಿನ ಪೀಠದ ಪಕ್ಕದ ಕೋಣೆಯಲ್ಲಿ. ಬಾಗಿಲಲ್ಲಿ ಚರ್ಚಿನ ಗಂಟೆ ಹೊಡೆಯುವವನು ನಿಂತಿದ್ದ, ಶಾಲೆಯಲ್ಲಿ ಅವಳ ಜೊತೆ ಓದಿದವನು. ಆಗ ಅವಳಿಗಿದ್ದದ್ದು ಅಕ್ಕನ ಹಳೇ ಲಂಗ. ಅಮ್ಮ ವರ್ಷಕ್ಕೊಂದು ಮಡಿಕೆ ಬಿಚ್ಚಿ ಉದ್ದ ಮಾಡುತ್ತಿದ್ದಳು. ಮಡಿಕೆಯೊಳಗೆ ಬಿಸಿಲು ಕಾಣದೆ ಉಳಿದ ಬಣ್ಣ ಗೆರೆಯಾಗಿ ಎದ್ದು ಕಾಣುತ್ತಿತ್ತು. ಎಣಿಸಿ ಅವಳಿಗೆ ‘ಮೂರುಗೆರೆ’ ಎಂದು ಹೆಸರಿಟ್ಟವನು ಇವನೇ. ಆ ಹೆಸರಿಗೆ ಅವಳು ಈವರೆಗೆ ಓಗೊಟ್ಟಿರಲಿಲ್ಲ.

ಪರೀಕ್ಷಕರ ಪ್ರಶ್ನೆಗಳಿಗೆ ಅವಳು ಸುಮ್ಮನೇ ಕೂತಿರುವುದನ್ನು ಅವನಿಂದ ನೋಡಲಾಗಲಿಲ್ಲ.

“ಬಾಯಿಗೂ ಹೊಲಿಗೆ ಹಾಕ್ಕೊಂಡ್ಯಾ, ಮೂರುಗೆರೆ?”

ಅವಳು ತಟ್ಟನೆ ತಲೆ ಎತ್ತಿದಳು. ಒಂದು ಸೂಜಿ, ಒಂದು ಭೂತಗನ್ನಡಿ ಕೇಳಿ ತರಿಸಿಕೊಂಡಳು.

“ಈ ಕೆಂಪು ದಾರ ಎಂಬತ್ತು ವರ್ಷ ಬೆಳಕು ಕಂಡು ಮಾಸಿದೆ ಫಾದರ್,” ಎಂದಳು ಪರೀಕ್ಷಕರಿಗೆ. “ಒಂದರ ಮೇಲೊಂದು ಕೂತ ಕಡೆ ಮಾತ್ರ, ಅಡಿಯಲ್ಲಿ ಬಣ್ಣ ಉಳಿದಿರುತ್ತೆ. ಯಾರಾದ್ರೂ ಬಿಚ್ಚಿ ಕಟ್ಟಿದ್ರೆ ಆ ಬಣ್ಣ ಮತ್ತೆ ಅದೇ ಜಾಗಕ್ಕೆ ಕೂರಲ್ಲ, ಹೊರಗೆ ಗೆರೆಯಾಗಿ ಕಾಣುತ್ತೆ. ಅಂಥ ಗೆರೆ ಉಟ್ಕೊಂಡು ಬೆಳೆದವಳು ನಾನು.”

ಪರೀಕ್ಷಕರು ದಾರದುದ್ದಕ್ಕೂ ಭೂತಗನ್ನಡಿ ಹಿಡಿದು ನೋಡಿದರು. ಹೊರಗೆಲ್ಲ ಮಾಸಿದ ಗುಲಾಬಿ, ಒಂದೂ ಕೆಂಪು ಚುಕ್ಕೆಯಿಲ್ಲ. ಅವಳು ಮೇಲಿನ ಎಳೆಯನ್ನು ಸೂಜಿಯಿಂದ ಕೂದಲೆಳೆಯಷ್ಟು ಸರಿಸಿದಳು. ಅಡಿಯಲ್ಲಿ ಕಡುಗೆಂಪು. ದಾರ ಒಂದರ ಮೇಲೊಂದು ಕೂತ ನಾಲ್ಕೂ ಕಡೆ ಹಾಗೇ.

ಹೊಸ ದಾರವನ್ನೇ ಕಟ್ಟಿದ್ದರೋ ಎಂದು ಅವರು ಕೇಳಿದರು. ಎರಡು ದಿನದಲ್ಲಿ ಯಾವ ದಾರವೂ ಹೀಗೆ ಮಾಸುವುದಿಲ್ಲ ಎಂದಳು.

ಅವರು ತಮ್ಮ ಹಳೆಯ ವಾಕ್ಯ ಹೊಡೆದುಹಾಕಿ ಬರೆದರು: “ತೆರೆದಿಲ್ಲ. ಪರಿಶೀಲಿಸಿದವರು, ದರ್ಜಿ.” ಗಂಟಿನ ಮೇಲೆ ಹೊಸ ಅರಗು ಸುರಿದು ಮುದ್ರೆ ಒತ್ತಿದರು.

ಭಾನುವಾರ ಮುತ್ತಿಡುವ ಸಾಲು ಬೀದಿಯವರೆಗೆ ಬೆಳೆದಿತ್ತು. ಡಬ್ಬಿಯನ್ನು ಪೀಠಕ್ಕೆ ಒಯ್ಯಲು ಫಾದರ್ ಅವಳ ಕೈಗೇ ಕೊಟ್ಟರು.

“ದಾರಿ ಬಿಡಿ, ಮೂರುಗೆರೆ ಬರ್ತಿದ್ದಾಳೆ,” ಎಂದು ಗಂಟೆಯವನು ಕೂಗಿದ.

“ಬಂದೆ ಕಣೋ,” ಎಂದಳು ಅವಳು, ಎಲ್ಲರಿಗೂ ಕೇಳುವಂತೆ, ಮತ್ತು ತಲೆಯೆತ್ತಿ ನಡೆದಳು. ಸಾಲಿನಲ್ಲಿ ಆ ಮೂವರು ಗಿರಾಕಿಗಳೂ ಇದ್ದರು. ಒಬ್ಬಳ ಕಂಕುಳಲ್ಲಿ ವಾಪಸು ಒಯ್ದಿದ್ದ ಬಟ್ಟೆಯ ಗಂಟು.