ಒಂದೇ ವಿಳಾಸದ ಇಬ್ಬರು

ನಾನು ಅಂಗೈ ಅಗಲದ ಒಂದು ಪೆಟ್ಟಿಗೆ. ಕಂಪ್ಯೂಟರಿನ ಅಪ್ಪಣೆಯನ್ನು ಕೇಬಲ್ಲಿನಿಂದ ಪಡೆದು ವಾಲ್ವುಗಳಿಗೆ ತಲುಪಿಸುವುದು ನಮ್ಮ ವಂಶದ ಕಸುಬು. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟಿದ್ದು ಮಾತ್ರ ಧಾರವಾಡದ ಕಡೆಯ ಒಂದು ಹಾಲಿನ ಡೇರಿಯಲ್ಲಿ, ಟೆಕ್ನಿಷಿಯನ್ ಮಹಾದೇವಿಯ ಮೇಜಿನ ಮೇಲೆ. ಅವಳು ನನ್ನ ಎದೆಯ ಪುಟ್ಟ ಚಕ್ರಗಳನ್ನು ತಿರುಗಿಸಿ ನಲವತ್ತೆರಡು ಎಂಬ ವಿಳಾಸ ಕೊಟ್ಟಳು. ಲ್ಯಾಪ್‌ಟಾಪಿನಿಂದ ಆ ನಂಬರಿಗೆ ಕೂಗಿ ನೋಡಿದಳು. ಓ ಎಂದೆ. ಬಲು ಹೆಮ್ಮೆಯಾಯಿತು.

ಆ ಹೆಮ್ಮೆ ಹೆಚ್ಚು ಹೊತ್ತು ಉಳಿಯಲಿಲ್ಲ. ಅದೇ ವಿಳಾಸದ ನನ್ನ ಅಣ್ಣನೊಬ್ಬ ಆಗಲೇ ಹಾಲಿನ ಟ್ಯಾಂಕಿನ ಪಕ್ಕ, ಅದರ ತಳದ ವಾಲ್ವು ನೋಡಿಕೊಂಡು ದುಡಿಯುತ್ತಿದ್ದ. ಅವನು ಕೆಟ್ಟರೆ ತಡಮಾಡದೆ ಬದಲಾಯಿಸಲೆಂದು ನನ್ನನ್ನು ತಯಾರು ಮಾಡಿಟ್ಟಿದ್ದರು. ಅಲ್ಲಿಯವರೆಗೆ ನನಗೆ ಕಪಾಟೇ ಗತಿ.

ಖಂಡೇನವಮಿ ಬಂತು. ಡೇರಿಯ ಯಂತ್ರಗಳಿಗೆಲ್ಲ ಕುಂಕುಮ, ಚೆಂಡುಹೂವು. ಕಪಾಟು ಒರೆಸುತ್ತಿದ್ದ ಮಹಾದೇವಿಗೆ ನನ್ನನ್ನು ಕಂಡು ಕನಿಕರವಾಯಿತು.

"ಪಾಪ, ಹಬ್ಬದ ದಿನಾನೂ ಇದು ಕತ್ತಲ್ಯಾಗ ಯಾಕ ಕೂಡಬೇಕು?" ಎಂದು ನನ್ನನ್ನು ಡೇರಿಯ ಕೇಬಲ್ಲಿಗೆ ಸೇರಿಸಿ, ದೀಪ ಮಿನುಗಿದ್ದು ನೋಡಿ ಕುಂಕುಮ ಹಚ್ಚಿದಳು. ಅಷ್ಟರಲ್ಲಿ ಬಾಳೆಕಂಬ ಕಟ್ಟಲು ಯಾರೋ ಕರೆದರು. ಕೇಬಲ್ ತೆಗೆಯುವುದನ್ನು ಮರೆತು ಓಡಿದಳು.

ಆ ಹೊತ್ತಿಗೆ ಆಪರೇಟರ್ ಹುಸೇನಸಾಬರು ಟ್ಯಾಂಕು ತೊಳೆದ ನೀರನ್ನು ಚರಂಡಿಗೆ ಬಿಟ್ಟಿದ್ದರು. ನೀರೆಲ್ಲ ಹೋದ ಮೇಲೆ ವಾಲ್ವು ಮುಚ್ಚುವ ಗುಂಡಿ ಒತ್ತಿದರು. ನಲವತ್ತೆರಡು ಎಂದು ಕಂಪ್ಯೂಟರು ಕರೆದದ್ದು ನನಗೆ ಕೇಳಿಸಿತು. ಕೊನೆಗೂ ನನ್ನನ್ನು ಕರೆದರಲ್ಲ ಎಂಬ ಹುಮ್ಮಸ್ಸಿನಲ್ಲಿ 'ಮುಚ್ಚಿದೆ' ಎಂದುಬಿಟ್ಟೆ. ನನಗೆ ಯಾವ ವಾಲ್ವೂ ಇರಲಿಲ್ಲ. ಒಂದು ವಿಳಾಸದಿಂದ ಮೊದಲು ಓ ಎಂದವರಿಗೇ ಅಪ್ಪಣೆ ಸಿಗುವುದು; ಅತ್ತ ಅಣ್ಣನಿಗೆ ಅದು ಮುಟ್ಟಲೇ ಇಲ್ಲ. ಟ್ಯಾಂಕಿಗೆ ತುಂಬಿದ ಸಂಜೆಯ ಹಾಲೆಲ್ಲ ತೆರೆದೇ ಇದ್ದ ವಾಲ್ವಿನಿಂದ ಚರಂಡಿ ಸೇರಿತು.

"ಸ್ಕ್ರೀನ್ ಮ್ಯಾಲೆ ಬಂದ್ ಅಂತ ಐತಿ. ಕೈಯಿಂದ ತಿರುವಿ ತೆರದು ಮರತೀರಿ," ಎಂದರು ಮ್ಯಾನೇಜರು.

"ಇಲ್ರಿ ಸಾಹೇಬ್ರ, ನಾ ಮುಟ್ಟೇ ಇಲ್ರಿ," ಎಂದ ಹುಸೇನಸಾಬರ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಅವರನ್ನು ಕ್ರೇಟು ತೊಳೆಯುವ ಕಡೆ ಹಾಕಿದರು.

ಮರುದಿನ ನನಗೆ ಇನ್ನೂ ಸಿಕ್ಕಿಸಿಯೇ ಇದ್ದ ಕೇಬಲ್ ಕಂಡ ಮಹಾದೇವಿಯ ಮುಖ ಬಿಳಿಚಿಕೊಂಡಿತು. ಹೊಸ ನೌಕರಿ, ಬಾಯಿ ಬಿಡಲು ಹೆದರಿದಳು. ನನ್ನನ್ನು ಕಿತ್ತು ಕಪಾಟಿನ ಹಿಂದಕ್ಕೆ ತಳ್ಳಿದಳು.

ನನ್ನ ಮೈಮೇಲಿನ ಕುಂಕುಮ ಉದುರಿ ಎಷ್ಟೋ ವರ್ಷಗಳಾದವು. ಹುಸೇನಸಾಬರು ನಿವೃತ್ತರಾಗುವ ದಿನ ಮಹಾದೇವಿ ಅವರನ್ನು ಮೇಜಿನ ಬಳಿ ಕೂರಿಸಿ, ನನ್ನನ್ನು ಹೊರತೆಗೆದು ಎಲ್ಲವನ್ನೂ ಹೇಳಿದಳು.

"ತಪ್ಪು ನಂದ ಐತ್ರಿ ಕಾಕಾ. ವಾಲ್ವ್ ನೀವು ತೆರದಿದ್ದಿಲ್ಲ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ತಮ್ಮ ಕೈಗಳನ್ನೇ ನೋಡಿಕೊಂಡು ಕೂತರು.

"ಎಲ್ಲಾರೂ ಅಂದ್ರು ಅಂತ ನಾನೂ ನಂಬಿಬಿಟ್ಟಿದ್ದೆನವ್ವಾ. ಇವತ್ತಿಗೂ ಮನ್ಯಾಗ ನಳಾ ಬಂದ್ ಮಾಡಿ ಬಂದ್ರ, ಮತ್ತ ಎದ್ದು ಹೋಗಿ ನೋಡ್ತೀನಿ."

ಅವರು ಹೋದ ಮೇಲೆ ಮಹಾದೇವಿ ಅಳುತ್ತ ನನ್ನ ಚಕ್ರಗಳನ್ನೆಲ್ಲ ಸೊನ್ನೆಗೆ ತಿರುಗಿಸಿದಳು. ಈಗ ಗುಜರಿ ಡಬ್ಬದಲ್ಲಿದ್ದೇನೆ. ಯಾರು ಯಾರನ್ನು ಕರೆದರೂ ನಾನು ಓಗೊಡಬೇಕಾಗಿಲ್ಲ. ಹುಸೇನಸಾಬರು ಇನ್ನಾದರೂ ನಳ ಮುಚ್ಚಿ ಸುಮ್ಮನೆ ಮಲಗುತ್ತಾರೋ, ಎದ್ದು ಹೋಗಿ ಮತ್ತೆ ನೋಡುತ್ತಾರೋ, ನನಗೆ ತಿಳಿಯುವ ದಾರಿಯಿಲ್ಲ.