ಉಣ್ಣೆಯ ಬಣ್ಣ

ಗೋಕಾಕದ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದ ದುಂಡಪ್ಪನಿಗೆ ತನ್ನ ಕೈಚಳಕದ ಮೇಲೆ ತುಸು ಹೆಚ್ಚೇ ಹೆಮ್ಮೆ. ೧೯೬೧ರ ಒಂದು ಬುಧವಾರ ಆ ಹೆಮ್ಮೆ ಮಣ್ಣುಪಾಲಾಯಿತು.

ಗಾಜಿನ ಮೇಲೆ ಗಂಜಿಯಂತೆ ಹೆಪ್ಪುಗಟ್ಟಿಸಿದ ಜೆಲ್‌ಗೆ ರಕ್ತದ ತಿಳಿನೀರು ಹಾಕಿ ಕರೆಂಟು ಹರಿಸಿದರೆ, ಅದರೊಳಗಿನ ಪ್ರೋಟೀನುಗಳು ಬೇರೆ ಬೇರೆಯಾಗಿ ಸರಿದು ನಿಲ್ಲುತ್ತವೆ. ಆದರೆ ಕಣ್ಣಿಗೆ ಬೀಳುವುದಿಲ್ಲ. ಕರಿ ಬಣ್ಣದಲ್ಲಿ ಅದ್ದಿ ಆಸಿಡ್ಡಿನಲ್ಲಿ ತೊಳೆದರೇನೇ ಪಟ್ಟೆಗಳು ಕಾಣುವುದು. ಅಂದು ಆಸಿಡ್ ಮುಗಿದಿತ್ತು. ತೊಳೆಯುವುದು ತಾನೇ ಎಂದು ಮಹಾಶಯ ಬಾವಿಯ ಸವಳು ನೀರು ಸುರಿದ. ಬಣ್ಣದೊಂದಿಗೆ ಪಟ್ಟೆಗಳೂ ಹೋದವು.

ರಕ್ತ ಕೌಜಲಗಿಯ ಬೀರಸಿದ್ದಪ್ಪನದು. ಮೈಯೆಲ್ಲ ಬಾತು ಮಲಗಿದ್ದ. ದೋಷ ಲಿವರಿನದೋ ಕಿಡ್ನಿಯದೋ ತಿಳಿಯದೆ ಔಷಧಿ ಕೊಡಲಾರೆನೆಂದು ಅಣ್ಣಾಸಾಹೇಬ ಡಾಕ್ಟರು ಹೇಳಿದ್ದರು. ಅವರು ಬೆಳಗಾವಿಯಿಂದ ತಿಂಗಳಿಗೊಮ್ಮೆ ಬರುವವರು, ಸಂಜೆಯ ಬಸ್ಸಿಗೆ ಹೋಗುವವರು. ಆ ರಕ್ತ ಹಾಕಿದ್ದರಲ್ಲಿ ಇನ್ನು ಉಳಿದದ್ದು ಒಂದೇ ಗಾಜು. ಅದಾಗಲೇ ಬಣ್ಣದಲ್ಲಿ ಮುಳುಗಿತ್ತು.

ಬೀರಸಿದ್ದಪ್ಪನ ಹೆಂಡತಿ ರಾಯವ್ವ ಬಾಗಿಲಲ್ಲೇ ನಿಂತಿದ್ದಳು. ಕಂಬಳಿಯ ಅಂಚಿನ ಉಣ್ಣೆಗೆ ಬಣ್ಣ ಹಾಕುವುದು ಅವಳ ಕಸುಬು.

“ಇದು ಉಣ್ಣಿ ಬಣ್ಣ ಅಲ್ರಿ?” ಎಂದಳು.

ದುಂಡಪ್ಪ ಡಬ್ಬಿಯ ಮೇಲಿನ ಚೀಟಿ ಓದಿದ. ಹೌದು, ಉಣ್ಣೆಯ ಬಣ್ಣವೇ.

“ಸವಳು ನೀರಾಗ ಅದು ನಿಲ್ಲಂಗಿಲ್ರಿ, ಹುಳಿ ಬೇಕು. ನಾವು ಹುಣಸಿ ಹಾಕ್ತೀವಿ. ನಿಮ್ಮ ಗಾಜಿಗೆ ಅದರ ಕೆಂಪು ಹತ್ತೀತು, ಲಿಂಬಿಹಣ್ಣು ತರ್ರಿ.”

ದುಂಡಪ್ಪ ಬಿಗುಮಾನ ಬದಿಗಿಟ್ಟು ಪೇಟೆಗೆ ಓಡಿದ. ರಾಯವ್ವ ರಸ ಸೋಸಿ, ಕಾಯಿಸಿ ಆರಿಸಿದ ಮಳೆನೀರಿಗೆ ಬೆರೆಸಿ, ನಾಲಿಗೆಗೆ ಹಚ್ಚಿ ನೋಡಿ, ಇನ್ನೆರಡು ಹಣ್ಣು ಹಿಂಡಿದಳು. ಉಜ್ಜಲಿಲ್ಲ, ಅವಸರ ಮಾಡಲಿಲ್ಲ. ತಟ್ಟೆಯನ್ನು ಮೆಲ್ಲಗೆ ತೂಗುತ್ತ ನಾಲ್ಕು ಸಲ ನೀರು ಬದಲಿಸಿದಳು. ಇಂಥ ಕೈ ದುಂಡಪ್ಪ ಯಾವ ಲ್ಯಾಬಿನಲ್ಲೂ ಕಂಡಿರಲಿಲ್ಲ.

ಇಳಿಹೊತ್ತಿಗೆ ಜೆಲ್ ತಿಳಿಯಾಯಿತು. ಹೋಲಿಸಿ ನೋಡಲೆಂದು ಹಾಕಿದ್ದ ದುಂಡಪ್ಪನ ರಕ್ತದ ಸಾಲಿನಲ್ಲಿ, ತುದಿಗೆ ದಪ್ಪ ಕರಿ ಪಟ್ಟೆ. ಬೀರಸಿದ್ದಪ್ಪನ ಸಾಲಿನಲ್ಲಿ ಅದೇ ಜಾಗದಲ್ಲಿ ಒಂದಿಷ್ಟು ಮಸುಕು; ನಡುವಿನ ಪಟ್ಟೆಯೊಂದೇ ದಪ್ಪ.

“ಇಲ್ಲಿ ಬಣ್ಣ ಯಾಕ ಹಿಡದಿಲ್ರಿ?”

“ಹಿಡಿಯಾಕ ಅವರ ರಕ್ತದಾಗ ಸತ್ವನ ಇಲ್ಲ, ಯವ್ವಾ. ನಡುವಿನ ಪಟ್ಟಿ ದಪ್ಪ ಐತಿ ಅಂದ್ರ ಲಿವರಿಂದಲ್ಲ, ಕಿಡ್ನಿಯಾಗಿಂದ ಸೋರಿ ಹೊಂಟೈತಿ. ನಿಮ್ಮ ಕೆಲಸದಾಗ ತಪ್ಪಿಲ್ಲ.”

ರಾಯವ್ವ ಗಾಜಿನ ಮೇಲೆ ಬಾಗಿದಳು.

“ಮೂವತ್ತು ವರ್ಷದಾಗ ನನ್ನ ಬಣ್ಣ ಒಮ್ಮಿನೂ ಕೆಟ್ಟಿಲ್ರಿ. ಇವತ್ತೊಂದು ದಿನ ಕೆಟ್ಟಿದ್ರ ಚಲೋ ಇತ್ತು.”

“ಕೆಟ್ಟಿದ್ರ ಔಷಧಿ ಸಿಗತಿದ್ದಿಲ್ಲ,” ಎಂದು ದುಂಡಪ್ಪ ಗಾಜನ್ನು ಅವಳ ಕೈಗೇ ಕೊಟ್ಟ.

ರಾಯವ್ವನೇ ಅದನ್ನು ಡಾಕ್ಟರ ಮುಂದೆ ಹಿಡಿದಳು. ಅವರು ಬೆಳಕಿಗೆ ತಿರುಗಿಸಿ ನೋಡಿ, ಹೆಗಲ ಮೇಲಿನ ಚೀಲ ಕೆಳಗಿಟ್ಟು, ಔಷಧಿ ಬರೆಯಲು ಕೂತರು.